ಹಳೇ ಉಯಿಲು, ಪಾಲುಪತ್ರ, ಚರ್ಚ್ ರಿಜಿಸ್ಟರ್: ದಾವಣಗೆರೆ, ಚಿತ್ರದುರ್ಗ ಸೀಮೆಯಲ್ಲಿ ಮನೆತನದ ಬೇರು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಮನೆಗಳಲ್ಲಿ ಹಳೇ ಕಾಗದಕ್ಕೆ ಬರವಿಲ್ಲ. ನಾಗಂದಿಗೆ ಮೇಲೆ, ದೇವರ ಕೋಣೆಯ ಪೆಟಾರಿಯಲ್ಲಿ, ಅಜ್ಜಿಯ ಟ್ರಂಕಿನ ತಳದಲ್ಲಿ ಏನಾದರೂ ಇದ್ದೇ ಇರುತ್ತೆ. ಅದನ್ನು ಓದುವವರು ಕಡಿಮೆಯಾಗಿದ್ದಾರೆ, ಅಷ್ಟೇ. ಮನೆಯವರೇ ಕೂತು ಓದಿಕೊಳ್ಳಲು ಬೇಕಾದಷ್ಟನ್ನು ಇಲ್ಲಿ ಬರೆದಿದ್ದೇನೆ.

ಅಟ್ಟದ ಮೇಲೆ ಒಂದು ಕಟ್ಟು ಕಾಗದ ಸಿಕ್ಕಿದೆ. ಮೊದಲು ಏನು ಮಾಡಲಿ?

ಕಟ್ಟು ಬಿಚ್ಚುವ ಮೊದಲೇ ಒಂದು ಫೋಟೋ ತೆಗೆಯಿರಿ. ಯಾವ ಕಾಗದದ ಜೊತೆ ಯಾವುದು ಇತ್ತು ಅನ್ನೋದೂ ಒಂದು ಸುಳಿವು. ಕ್ರಯಪತ್ರದೊಳಗೆ ಮಡಚಿಟ್ಟ ಕಂದಾಯ ರಸೀದಿ ಸಾಮಾನ್ಯವಾಗಿ ಅದೇ ಹೊಲದ್ದಾಗಿರುತ್ತೆ. ಆಮೇಲೆ ಮಡಿಕೆಗಳನ್ನು ನಿಧಾನವಾಗಿ ಬಿಡಿಸಿ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದು ಮಾಡುತ್ತೆ. ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ. ಮತ್ತೆ ಬಿಡಿಸೋಕಾಗಲ್ಲ, ಬಿಸಿಗೆ ಅಕ್ಷರವೂ ಹಾಳಾಗಬಹುದು.

ಕಪ್ಪು ಬಟ್ಟೆಯ ಕಡತ ಸಿಕ್ಕರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲು ಬಳಿದು, ಒಣಗಿಸಿ, ಪುಟಪುಟವಾಗಿ ಮಡಚಿ ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯಲಿ ಅಂತಲೇ ಮಾಡಿದ ವಸ್ತು ಅದು. ಧೂಳು ಅಂತ ಬಟ್ಟೆ ತಗೊಂಡು ಒರೆಸಿದರೆ ಧೂಳಿನ ಜೊತೆ ಅಕ್ಷರವೂ ಹೋಗುತ್ತೆ. ಕೈ ಹಾಕದೆ ಮೊದಲು ಫೋಟೋ ತೆಗೆಯಿರಿ.

ಮುತ್ತಜ್ಜನ ಉಯಿಲು ಹುಡುಕ್ತಿದ್ದೀನಿ. ಎಲ್ಲೂ ಸಿಗ್ತಿಲ್ಲ, ಯಾಕೆ?

ಅವರು ಬರೆದೇ ಇಲ್ಲದಿರಬಹುದು. ಹಿಂದೂ ಅವಿಭಕ್ತ ಕುಟುಂಬದಲ್ಲಿ ಪಿತ್ರಾರ್ಜಿತ ಆಸ್ತಿಯ ತನ್ನ ಪಾಲನ್ನು ಉಯಿಲಿನ ಮೂಲಕ ಬರೆದುಕೊಡಲು ಮೊದಲು ಅವಕಾಶ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅದು ಸಾಧ್ಯವಾಯಿತು. ಅದಕ್ಕೂ ಮೊದಲು ಸ್ವಂತ ದುಡಿಮೆಯ ಆಸ್ತಿ ಇದ್ದವರು, ಮಕ್ಕಳಿಲ್ಲದವರು, ದಾವಣಗೆರೆ ಪೇಟೆಯ ವರ್ತಕರಂಥವರು ಉಯಿಲು ಬರೆದದ್ದುಂಟು. ಹೊಲ ಮನೆ ಇಟ್ಟುಕೊಂಡಿದ್ದ ಸಾಮಾನ್ಯ ರೈತ ಬರೆದದ್ದು ಕಡಿಮೆ.

ಅವರ ಮನೆಯಲ್ಲಿ ಹುಡುಕಬೇಕಾದದ್ದು ಪಾಲುಪತ್ರ. ವಿಭಾಗಪತ್ರ, ಪಾರಿಖತ್ತು ಅಂತಲೂ ಕರೆಯುತ್ತಾರೆ. ಮನೆತನದ ಚರಿತ್ರೆಗೆ ಉಯಿಲಿಗಿಂತ ಇದೇ ಮೇಲು ಅಂತ ನಾನು ಹೇಳ್ತೀನಿ. ಉಯಿಲಿನಲ್ಲಿ ಒಬ್ಬ ಮನುಷ್ಯ ತನಗೆ ಬೇಕಾದವರ ಹೆಸರು ಹೇಳುತ್ತಾನೆ. ಪಾಲುಪತ್ರದಲ್ಲಿ ಹಕ್ಕಿದ್ದವರೆಲ್ಲ ಬರಲೇಬೇಕು. ಸತ್ತ ಅಣ್ಣನ ಚಿಕ್ಕ ಮಗ, ಅವನ ಪರವಾಗಿ ನಿಂತ ತಾಯಿ, ಊರು ಬಿಟ್ಟು ಹೋದ ತಮ್ಮ, ಎಲ್ಲರೂ ಇರುತ್ತಾರೆ. ಕೊಟ್ಟಿಗೆ, ಎತ್ತು, ಬಾವಿಯ ನೀರಿನ ಸರದಿ, ತೀರಿಸಬೇಕಾದ ಸಾಲ ಕೂಡ ಬರುತ್ತೆ. ಇದರ ಜೊತೆಗೆ ದತ್ತಕ ಪತ್ರ, ದಾನಪತ್ರ, ಭೋಗ್ಯಪತ್ರ, ಜೀವನಾಂಶದ ಕರಾರು ಇವೂ ಕೆಲಸಕ್ಕೆ ಬರುತ್ತವೆ. ಮನೆತನದಲ್ಲಿ ಹಳೇ ಕೋರ್ಟ್ ವ್ಯಾಜ್ಯ ಇದ್ದರೆ ದಾವೆಯ ನಕಲು ಹುಡುಕಿ. ಪಾಲಿನ ದಾವೆಗಳಲ್ಲಿ ಸಾಮಾನ್ಯವಾಗಿ ವಂಶವೃಕ್ಷವನ್ನೇ ಬರೆದು ಹಾಕಿರುತ್ತಾರೆ.

ಕನ್ನಡವೇ, ಆದರೂ ಒಂದು ಸಾಲೂ ಓದೋಕೆ ಆಗ್ತಿಲ್ಲ!

ಎಲ್ಲರಿಗೂ ಹೀಗೇ ಆಗುತ್ತೆ. ಶಾನುಭೋಗರ ಕೈಬರಹದಲ್ಲಿ ಪದಗಳ ನಡುವೆ ಜಾಗ ಇರಲ್ಲ, ಪೂರ್ಣವಿರಾಮ ಇರಲ್ಲ. ತಲೆಕಟ್ಟು ಮುಂದಿನ ಅಕ್ಷರಕ್ಕೆ ಅಂಟಿಕೊಂಡಿರುತ್ತೆ. ದೀರ್ಘ, ಒತ್ತು ಎಷ್ಟೋ ಕಡೆ ಬಿಟ್ಟೇ ಬಿಟ್ಟಿರುತ್ತಾರೆ. ‘ತಿಪೆಸಾಮಿ’ ಅಂತ ಇದ್ದರೆ ಅದು ತಿಪ್ಪೇಸ್ವಾಮಿ. ಶ ಮತ್ತು ಸ, ಳ ಮತ್ತು ಲ ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ಪ, ವ, ಮ ಈ ಮೂರನ್ನು ಬೇರೆ ಮಾಡುವುದೇ ದೊಡ್ಡ ಕಷ್ಟ. ಅಂಕಿಗಳಲ್ಲಿ ೬ ಮತ್ತು ೯ ಕೈಕೊಡುತ್ತವೆ.

ಮೇಲಿನ ಸಾಲಿನಿಂದ ಶುರು ಮಾಡಿ ಒದ್ದಾಡಬೇಡಿ. ನಿಮಗೆ ಗೊತ್ತಿರುವ ಹೆಸರನ್ನು ಮೊದಲು ಹುಡುಕಿ. ಊರಿನ ಹೆಸರು, ಅಜ್ಜನ ಹೆಸರು, ತಾಲ್ಲೂಕಿನ ಹೆಸರು ಎಲ್ಲಾದರೂ ಇರಲೇಬೇಕಲ್ವಾ? ‘ಹೊಳಲ್ಕೆರೆ’ ಅನ್ನೋ ಒಂದು ಪದ ಸಿಕ್ಕರೆ ಆ ಬರಹಗಾರ ಹ, ಳ, ಕ, ರ ಹೇಗೆ ಬರೆಯುತ್ತಾನೆ ಅಂತ ಗೊತ್ತಾಗುತ್ತೆ. ಒಂದು ಹಾಳೆಯಲ್ಲಿ ಅವನ ಅಕ್ಷರಮಾಲೆ ಮಾಡಿಕೊಳ್ಳಿ. ಅರ್ಥವಾಗದ ಕಡೆ ಚುಕ್ಕಿ ಹಾಕಿ ಮುಂದೆ ಹೋಗಿ. ಇರುವುದನ್ನು ಇರುವ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ‘ಇದು ಬಸಪ್ಪ ಇರಬಹುದು’ ಅಂತ ನೀವು ಊಹಿಸಿ ತುಂಬಿದ್ದು ಮುಂದೆ ನಿಮ್ಮ ಮೊಮ್ಮಕ್ಕಳಿಗೆ ಸತ್ಯವಾಗಿಬಿಡುತ್ತೆ.

ಎರಡನೇ ಸಹಾಯ ಒಕ್ಕಣೆಯದು. ಪತ್ರಗಳು ಒಂದೇ ದಾರಿಯಲ್ಲಿ ನಡೆಯುತ್ತವೆ: ತೇದಿ, ಯಾರಿಗೆ, ಯಾರು, ‘ಬರೆಸಿಕೊಟ್ಟ ಪತ್ರದ ಕ್ರಮವೆಂತೆಂದರೆ’, ಕಾರಣ, ಆಸ್ತಿ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ಸಾಕ್ಷಿ, ಬಿಕ್ಕಲಂ (ಪತ್ರ ಬರೆದವನ ಹೆಸರು). ಈ ಮೆಟ್ಟಿಲು ಗೊತ್ತಾದರೆ ಮುಂದೆ ಯಾವ ಪದ ಬರಬೇಕು ಅಂತ ಕಣ್ಣೇ ಹೇಳುತ್ತೆ. ಮಸುಕಾದ ಶಾಯಿಗೆ ಫೋನಿನ ಫೋಟೋವನ್ನು ಕಪ್ಪುಬಿಳುಪು ಮಾಡಿ ಕಾಂಟ್ರಾಸ್ಟ್ ಹೆಚ್ಚಿಸಿ. ಕಾಗದವನ್ನು ಕಿಟಕಿ ಪಕ್ಕ ಇಟ್ಟು ಓರೆ ಬೆಳಕಿನಲ್ಲಿ ನೋಡಿದರೆ ಲೇಖನಿ ಒತ್ತಿದ ಗೆರೆ ಕಾಣಬಹುದು.

‘ಬಿನ್’, ‘ಕೋಂ’, ‘ಮಜಕೂರು’, ‘ಬಿಕ್ಕಲಂ’ ಇವೆಲ್ಲ ಏನು?

ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಇವೆರಡು ಗೊತ್ತಿದ್ದರೆ ಅರ್ಧ ವಂಶವೃಕ್ಷ ಕೈಗೆ ಸಿಕ್ಕಹಾಗೆ. ಸದರಿ, ಮಜಕೂರು ಅಂದರೆ ಮೇಲೆ ಹೇಳಿದ ಅದೇ ವ್ಯಕ್ತಿ ಅಥವಾ ಅದೇ ಊರು. ಸಾ|| ಅಂದರೆ ವಾಸದ ಊರು. ಬಿಕ್ಕಲಂ ಪತ್ರ ಬರೆದವನ ಹೆಸರನ್ನು ಹೇಳುತ್ತೆ. ಓದು ಬಾರದವರು ಹೆಬ್ಬೆಟ್ಟು ಒತ್ತಿರುತ್ತಾರೆ. ಇನ್ನೂ ಹಳೇ ಪತ್ರದಲ್ಲಿ ನೇಗಿಲಿನಂಥ ಗುರುತು ಇದ್ದರೆ ಅದು ರೈತನ ಸಹಿ. ಅದರ ಪಕ್ಕದಲ್ಲಿ ಅವನ ಹೆಸರನ್ನು ಬೇರೆಯವರು ಬರೆದಿರುತ್ತಾರೆ.

ಮೋಡಿ ಲಿಪಿ ನಮ್ಮ ಕಡೆ ಯಾಕೆ ಬಂತು?

ಮರಾಠರ ಆಡಳಿತ ಮತ್ತು ಲೆಕ್ಕಪತ್ರದ ಲಿಪಿ ಅದು. ಈ ಸೀಮೆಗೆ ಮರಾಠರ ನಂಟು ಹಳೆಯದು. ದಾವಣಗೆರೆಯನ್ನೇ ಹೈದರ್ ಅಲಿ ಅಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟಿದ್ದ, ವರ್ತಕರು ಬಂದು ನೆಲೆಸಿದ್ದು ಅವನ ಪ್ರೋತ್ಸಾಹದಿಂದ. ಕೈ ಎತ್ತದೆ ಬರೆದುಕೊಂಡು ಹೋಗುವ ಲಿಪಿಯಾದ್ದರಿಂದ ಮರಾಠಿ ಬಲ್ಲವರಿಗೂ ಕಲಿಯದೆ ಬರಲ್ಲ. ಆದರೆ ಹಳ್ಳಿಯಲ್ಲಿ ಓದಲಾಗದ ಕನ್ನಡ ಕೈಬರಹಕ್ಕೂ ‘ಮೋಡಿ ಅಕ್ಷರ’ ಅಂತಾರೆ. ಮೋಡಿ ಓದುವವರನ್ನು ಹುಡುಕಿಕೊಂಡು ಅಲೆಯುವ ಮೊದಲು ಅದು ಕನ್ನಡವೇ ಇರಬಹುದಾ ಅಂತ ನೋಡಿ.

ಪತ್ರದಲ್ಲಿ ಇಸವಿ ಇಲ್ಲ, ಸಂವತ್ಸರ ಇದೆ. ಲೆಕ್ಕ ಹೇಗೆ?

ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗುತ್ತೆ. ಮೊದಲನೆಯದಾದ ಪ್ರಭವ ಯುಗಾದಿಗೆ ಶುರುವಾದದ್ದು 1867, 1927, 1987ರಲ್ಲಿ. ಉಳಿದವನ್ನು ಅಲ್ಲಿಂದ ಎಣಿಸಿಕೊಳ್ಳಿ. ಶಾಲಿವಾಹನ ಶಕ ಕೊಟ್ಟಿದ್ದರೆ 78 ಸೇರಿಸಿ.

ಉದಾಹರಣೆಗೆ ‘ಶಾಲಿವಾಹನ ಶಕ ೧೮೪೨ನೇ ರೌದ್ರಿ ನಾಮ ಸಂವತ್ಸರದ ಮಾಘ ಬ|| ೫ ಲ್ಲು’ ಅಂತ ಇದೆ ಅಂದುಕೊಳ್ಳಿ. ಬ|| ಅಂದರೆ ಬಹುಳ, ಕೃಷ್ಣಪಕ್ಷ. 1842ಕ್ಕೆ 78 ಸೇರಿಸಿದರೆ 1920. ರೌದ್ರಿ 54ನೆಯದು, 1867ರಿಂದ ಎಣಿಸಿದರೂ 1920 ಬರುತ್ತೆ. ಎರಡೂ ಹೊಂದಿತು. ಆದರೆ ಮಾಘ ಮಾಸ ಬರುವುದು ಜನವರಿ ಶುರುವಾಗಿ ಇಸವಿ ಬದಲಾದ ಮೇಲೆ. ಹಾಗಾಗಿ ಪತ್ರ ಬರೆದದ್ದು 1921ರ ಫೆಬ್ರವರಿ ಕೊನೆಯಲ್ಲಿ. ಮಾಘ, ಫಾಲ್ಗುಣಕ್ಕೆ ಯಾವಾಗಲೂ 79 ಸೇರಿಸಿ. ಪುಷ್ಯ, ಕೆಲವೊಮ್ಮೆ ಮಾರ್ಗಶಿರದ ಕೊನೆಯೂ, ಎರಡು ವರ್ಷದ ಗಡಿಯಲ್ಲಿ ಬೀಳುತ್ತೆ, ಅದಕ್ಕೆ ಪಂಚಾಂಗ ನೋಡಬೇಕು. ಶಕ ಮತ್ತು ಸಂವತ್ಸರ ಒಂದು ವರ್ಷದಷ್ಟು ಹೊಂದದಿದ್ದರೆ ಸಂವತ್ಸರವನ್ನು ನಂಬಿ. ಬರೆದವನು ಶಕದ ಅಂಕಿ ತಪ್ಪಬಹುದು, ತಾನು ಬದುಕಿದ್ದ ಸಂವತ್ಸರದ ಹೆಸರನ್ನು ತಪ್ಪುವುದು ಕಡಿಮೆ.

ಮನೆಯ ಹಿರಿಯರ ಮಾತಿಗೂ ಇದೇ ಲೆಕ್ಕ ಹೊಂದುತ್ತೆ. ‘ಧಾತು ಈಶ್ವರ ಬರದಾಗ ಬಂದವರು’ ಅಂದರೆ 1876, 1877ರ ದೊಡ್ಡ ಬರ. ಕಾಳಯುಕ್ತಿ ಅಂದರೆ 1918, ಇನ್‌ಫ್ಲುಯೆನ್ಜಾ ಬಂದ ವರ್ಷ. ಅದರ ಮುಂದಿನ ಒಂದೆರಡು ವರ್ಷಗಳ ಪತ್ರಗಳಲ್ಲಿ ವಿಧವೆಯರು, ತಾಯಿತಂದೆ ಇಲ್ಲದ ಮಕ್ಕಳು ಕಂಡರೆ ಕಾರಣ ಎಲ್ಲಿ ಹುಡುಕಬೇಕು ಅಂತ ಗೊತ್ತಾಯಿತಲ್ವಾ?

ತೇದಿಯ ಭಾಗವೇ ಹರಿದು ಹೋಗಿದ್ದರೆ ಛಾಪಾ ಕಾಗದದ ಹಿಂಬದಿ ತಿರುಗಿಸಿ. ಯಾವ ದಿನ, ಯಾರಿಗೆ, ಯಾವ ಊರಿನವರಿಗೆ ಮಾರಿದ್ದು ಅಂತ ಸ್ಟಾಂಪ್ ವೆಂಡರ್ ಬರೆದಿರುತ್ತಾನೆ. ಆಸ್ತಿಗೆ ಸರ್ವೆ ನಂಬರ್ ಇದೆಯಾ ನೋಡಿ. ಮೈಸೂರು ಸಂಸ್ಥಾನದಲ್ಲಿ ಸರ್ವೆ ಶುರುವಾದದ್ದು 1863ರಲ್ಲಿ, ಹಂತಹಂತವಾಗಿ ಹಬ್ಬಿತು. ನಂಬರ್ ಇದ್ದರೆ ಪತ್ರ ಅದರಿಂದ ಈಚಿನದು.

‘೩॥ ರೂಪಾಯಿ’, ‘೨ ಖಂಡುಗ’, ‘ವರಹ’ ಅಂತೆಲ್ಲ ಇದೆ. ಅರ್ಥವಾಗ್ತಿಲ್ಲ.

ಅಂಕಿಯ ಪಕ್ಕದ ಒಂದು ನಿಂತ ಗೆರೆ ಕಾಲು, ಎರಡು ಗೆರೆ ಅರ್ಧ, ಮೂರು ಗೆರೆ ಮುಕ್ಕಾಲು. ೩॥ ಅಂದರೆ ಮೂರೂವರೆ. ಇದನ್ನು 311 ಅಂತ ಓದಿ ಅಜ್ಜ ಭಾರಿ ಸಾಹುಕಾರ ಅಂದುಕೊಂಡವರಿದ್ದಾರೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಇದು 1957ರವರೆಗೆ ನಡೆಯಿತು. ವರಹ ಅಂದರೆ ಹಳೇ ಕಾಲದ ಚಿನ್ನದ ನಾಣ್ಯ. ಖಂಡುಗ, ಕೊಳಗ ಧಾನ್ಯದ ಅಳತೆಗಳು, ಖಂಡುಗಕ್ಕೆ 20 ಕೊಳಗ. ಹೊಲಕ್ಕೆ ಖಂಡುಗ ಅಂತ ಬರೆದಿದ್ದರೆ ಅದು ಅಷ್ಟು ಬೀಜ ಬಿತ್ತುವ ನೆಲ. ಅದನ್ನು ಎಕರೆಗೆ ಇಳಿಸಲು ಹೋಗಬೇಡಿ, ಗದ್ದೆಗೂ ಹೊಲಕ್ಕೂ ಬೇರೆ ಬೇರೆಯಾಗುತ್ತೆ.

ಪತ್ರಗಳಲ್ಲಿ ಹೆಂಗಸರ ಹೆಸರೇ ಇಲ್ವಲ್ಲ?

ಇದೆ, ಆದರೆ ಅಂಚಿನಲ್ಲಿದೆ. ಪತ್ರ ಓದುವಾಗ ಎಲ್ಲರೂ ನಡುವಿನ ಆಸ್ತಿಯ ಭಾಗ ಓದಿ ಮಡಚಿಬಿಡುತ್ತಾರೆ. ಮನೆತನದ ಕಥೆ ಜಾಸ್ತಿ ಇರುವುದು ಚಕ್ಕುಬಂದಿಯಲ್ಲಿ, ಸಾಕ್ಷಿಗಳಲ್ಲಿ, ಹಿಂಬದಿಯ ನೋಂದಣಿ ಷರಾದಲ್ಲಿ.

ಚಕ್ಕುಬಂದಿ ನೋಡಿ. ‘ಪೂರ್ವಕ್ಕೆ ನನ್ನ ಅಣ್ಣನ ಪಾಲಿನ ಹೊಲ, ಉತ್ತರಕ್ಕೆ ಹಳ್ಳ, ಪಶ್ಚಿಮಕ್ಕೆ ಗೌರಮ್ಮ ಕೋಂ ಹಾಲಪ್ಪನ ಹೊಲ’ ಅಂತ ಇದ್ದರೆ ಆ ಗೌರಮ್ಮ ಯಾರು? ಪಕ್ಕದ ಹೊಲಗಳು ಎಷ್ಟೋ ಸಲ ಒಂದೇ ಹೊಲ ಒಡೆದು ಆದವು. ಆಕೆ ತೀರಿಕೊಂಡ ದೊಡ್ಡಪ್ಪನ ಹೆಂಡತಿಯೇ ಇರಬಹುದು. ಇನ್ನೊಂದು ಪತ್ರ ಸಿಗುವ ತನಕ ಆ ಹೆಸರನ್ನು ಪ್ರಶ್ನೆ ಹಾಕಿ ಬರೆದಿಟ್ಟುಕೊಳ್ಳಿ. ಸಾಕ್ಷಿ ಹಾಕಿದ ಬೇರೆ ಊರಿನವನ ಮೇಲೂ ಕಣ್ಣಿಡಿ. ಜಗಳೂರಿನ ಪತ್ರಕ್ಕೆ ಹಿರಿಯೂರಿನವನು ಬಂದು ಸಾಕ್ಷಿ ಹಾಕಿದ್ದಾನೆ ಅಂದರೆ ಸುಮ್ನೆ ಬಂದಿರಲ್ಲ. ಅವನು ಹೆಣ್ಣು ಕೊಟ್ಟ ಮನೆಯವನೋ, ಸೋದರಮಾವನೋ ಆಗಿರುವ ಸಂಭವ ಜಾಸ್ತಿ. ಅಜ್ಜಿಯ ತವರು ಹುಡುಕುವವರಿಗೆ ಇದೇ ದಾರಿ.

ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂತು. ಅಲ್ಲಿಂದ ಈಚಿನ ಪಾಲುಪತ್ರಗಳಲ್ಲಿ ತಾಯಿ, ಹೆಂಡತಿ, ಮದುವೆಯಾಗದ ಹೆಣ್ಣುಮಕ್ಕಳನ್ನು ಇನ್ನೂ ಗಮನವಿಟ್ಟು ಹುಡುಕಿ.

ಒಂದೇ ಹೆಸರಿನವರು ನಾಲ್ಕು ಜನ ಇದ್ದಾರೆ. ಯಾರು ನಮ್ಮವರು?

ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿಯಿಂದ ಹೀಗಾಗುತ್ತೆ. ಮೇಲಾಗಿ ನಾಯಕನಹಟ್ಟಿಯ ಸುತ್ತ ಪ್ರತಿ ಬೀದಿಯಲ್ಲೂ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ ಇದ್ದಾರೆ. ಹೆಸರು ಒಂದನ್ನೇ ನಂಬಬೇಡಿ. ತಂದೆ ಹೆಸರು, ಹೊಲ, ಬೆಡಗು (ಕುಲದೊಳಗಿನ ಪಂಗಡ), ಮನೆದೇವರು, ಇವುಗಳಲ್ಲಿ ಎರಡಾದರೂ ಹೊಂದಬೇಕು. ಹೊಲ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ, ಅದು ಜಾಗ ಬಿಟ್ಟು ಕದಲಲ್ಲ.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬೇರೆಯವರ ಉಯಿಲಿನ ನಕಲು ಕೊಡ್ತಾರಾ?

ಬರೆದವರು ಬದುಕಿರುವಾಗ ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗೆ ಬೇಕಾದರೂ ಕೊಡಬೇಕು ಅಂತ 1908ರ ನೋಂದಣಿ ಕಾಯ್ದೆಯ 57ನೇ ಕಲಮು ಹೇಳುತ್ತೆ. ಹಾಗಾಗಿ ಮರಣ ಪ್ರಮಾಣಪತ್ರ ಜೊತೆಗಿರಲಿ. ಉಯಿಲು ಮತ್ತು ದತ್ತಕದ ಅಧಿಕಾರಪತ್ರ 3ನೇ ಪುಸ್ತಕದಲ್ಲಿರುತ್ತವೆ. ಕ್ರಯ, ಪಾಲು, ಅಡಮಾನ 1ನೇ ಪುಸ್ತಕದಲ್ಲಿ. ಅದರ ಸೂಚಿಯೂ ಎರಡು ಥರ, ಒಂದು ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ. ಅರ್ಜಿಯಲ್ಲಿ ‘ಹಳೇ ಪತ್ರ ಬೇಕು’ ಅಂತ ಬರೆದರೆ ಕೆಲಸ ಆಗಲ್ಲ. ಹೆಸರು, ಗ್ರಾಮ, ಸರಿಸುಮಾರು ವರ್ಷ, ಯಾವ ಪುಸ್ತಕ ಅಂತ ಬರೆಯಿರಿ. ಕಂಪ್ಯೂಟರಿನಲ್ಲಿ ಸಿಗುವ ಋಣಭಾರ ಪತ್ರ 2004ರಿಂದ ಈಚಿನದು, ಅದಕ್ಕೆ ಹಿಂದಿನದನ್ನು ಕೈಬರಹದ ಪುಸ್ತಕದಲ್ಲೇ ಹುಡುಕಿಸಬೇಕು. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿ ಇದ್ದರೆ ಸಾಕು. ಅಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಬರೆದೇ ಇಲ್ಲ ಅಂತ ಅಲ್ಲ.

ನಮ್ಮೂರು ಹೊನ್ನಾಳಿ ತಾಲ್ಲೂಕು. ದಾವಣಗೆರೆಯಲ್ಲಿ ಹುಡುಕಲೋ, ಶಿವಮೊಗ್ಗದಲ್ಲೋ?

ದಾವಣಗೆರೆ ಜಿಲ್ಲೆ ಆದದ್ದೇ 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಅದಕ್ಕೆ ಮೊದಲು ಚಿತ್ರದುರ್ಗಕ್ಕೆ ಸೇರಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ. ಆದ್ದರಿಂದ ತಾಲ್ಲೂಕು ಮಟ್ಟದ ದಾಖಲೆಗೆ ಹೊನ್ನಾಳಿ, ಹಳೇ ಜಿಲ್ಲಾ ಕಡತಕ್ಕೆ ಶಿವಮೊಗ್ಗ. ಹರಪನಹಳ್ಳಿಯ ಕಥೆ ಬೇರೆ. ಅದು 1953ರವರೆಗೆ ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಬಂತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಲ್ಲಿನ ಹಳೇ ಕಂದಾಯ ಕಾಗದದಲ್ಲಿ ಫಸಲಿ ವರ್ಷ ಇರುತ್ತೆ, ಅದಕ್ಕೆ 590 ಸೇರಿಸಿ. ಫಸಲಿ 1330 ಅಂದರೆ 1920ರ ಜುಲೈನಿಂದ 1921ರ ಜೂನ್‌ವರೆಗೆ. ಮೈಸೂರು ಸಂಸ್ಥಾನದ ಸರ್ಕಾರಿ ಕಡತಗಳಿಗೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಇಂಗ್ಲಿಷ್ ಕಡತಗಳಲ್ಲಿ ಚಿತ್ರದುರ್ಗವನ್ನು ‘ಚಿತಲ್‌ಡ್ರೂಗ್’ ಅಂತ ಹುಡುಕಿ.

ನಾವು ಕ್ರೈಸ್ತರು. ಚರ್ಚ್ ರಿಜಿಸ್ಟರ್ ಹೇಗೆ ಓದೋದು?

ಕಥೋಲಿಕರಾದರೆ ಹಳೇ ಜ್ಞಾನಸ್ನಾನದ ಪುಸ್ತಕ ಲ್ಯಾಟಿನ್‌ನಲ್ಲಿರುತ್ತೆ. ಹೆದರಬೇಡಿ, ನಾಲ್ಕೈದು ಪದ ಸಾಕು. ‘ನಾತುಸ್’ ಹುಟ್ಟಿದ್ದು, ‘ಬಾಪ್ತಿಜಾತುಸ್’ ಜ್ಞಾನಸ್ನಾನ ಆದದ್ದು, ‘ಫಿಲಿಯುಸ್’ ಮಗ, ‘ಫಿಲಿಯಾ’ ಮಗಳು, ‘ಪಾತ್ರಿನಿ’ ಜ್ಞಾನಪೋಷಕರು. ತಿಂಗಳ ಹೆಸರಿನಲ್ಲಿ ಎಲ್ಲರೂ ಎಡವುತ್ತಾರೆ. ‘7ಬ್ರಿಸ್’ ಅಂತ ಇದ್ದರೆ ಜುಲೈ ಅಲ್ಲ, ಸೆಪ್ಟೆಂಬರ್. ‘8ಬ್ರಿಸ್’ ಅಕ್ಟೋಬರ್, ‘ಎಕ್ಸ್‌ಬ್ರಿಸ್’ ಡಿಸೆಂಬರ್.

ಮೈಸೂರು ಸೀಮೆಯಲ್ಲಿ 19ನೇ ಶತಮಾನದಲ್ಲಿ ಸೇವೆ ಮಾಡಿದ ಪಾದ್ರಿಗಳಲ್ಲಿ ಬಹಳ ಮಂದಿ ಪ್ಯಾರಿಸ್ ಮಿಷನ್ನಿನ ಫ್ರೆಂಚರು. ನಮ್ಮ ಹೆಸರುಗಳನ್ನು ಫ್ರೆಂಚ್ ಕಿವಿಗೆ ಕೇಳಿದಂತೆ ಬರೆದರು. ನೀವೇ ಗಟ್ಟಿಯಾಗಿ ಓದಿ ನೋಡಿ, ಕಣ್ಣಿಗೆ ಸಿಗದ ಹೆಸರು ಕಿವಿಗೆ ಸಿಗುತ್ತೆ. ಜ್ಞಾನಸ್ನಾನದ ಸಾಲಿನ ಪಕ್ಕದ ಅಂಚನ್ನು ಬಿಡಬೇಡಿ. ಅದೇ ವ್ಯಕ್ತಿ ಎಷ್ಟೋ ವರ್ಷದ ನಂತರ ಎಲ್ಲಿ, ಯಾರನ್ನು ಮದುವೆಯಾದರು ಅಂತ ಅಲ್ಲಿ ಬರೆದಿಡುವ ನಿಯಮವಿದೆ. ಬೇರೆ ಊರಿಗೆ ಹೋದ ಹೆಣ್ಣುಮಗಳ ಜಾಡು ಅಲ್ಲೇ ಸಿಗುತ್ತೆ.

ನಿಮ್ಮ ಊರಿನ ಚರ್ಚ್ ಹೊಸದಾಗಿದ್ದರೆ ಅದಕ್ಕೂ ಮೊದಲು ಯಾವ ಚರ್ಚಿನ ಪಾದ್ರಿ ಬರುತ್ತಿದ್ದರು ಅಂತ ಹಿರಿಯರನ್ನು ಕೇಳಿ, ಪುಸ್ತಕ ಅಲ್ಲಿರುತ್ತೆ. ಚಿತ್ರದುರ್ಗ, ದಾವಣಗೆರೆ ಈಗ ಶಿವಮೊಗ್ಗ ಧರ್ಮಪ್ರಾಂತ್ಯದಲ್ಲಿವೆ. ಆದರೆ ಆ ಧರ್ಮಪ್ರಾಂತ್ಯ ಆದದ್ದು 1988ರಲ್ಲಿ. ಪ್ರಾಟೆಸ್ಟೆಂಟರಾದರೆ ಹಿಂದಿನ ವೆಸ್ಲಿಯನ್ ಮಿಷನ್ನಿನ ಜಾಡು ಹಿಡಿಯಬೇಕು. ಅದು 1947ರಲ್ಲಿ ಸಿ.ಎಸ್.ಐ.ನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿತು. ಮಿಷನ್ನಿನ ಪತ್ರ, ವರದಿಗಳು ಲಂಡನ್ನಿನ ಸೋವಾಸ್ (SOAS) ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಪುಸ್ತಕ ತೋರಿಸುವುದು ಬಿಡುವುದು ಪಾದ್ರಿಗಳ ಇಷ್ಟ. ವಾರದ ದಿನ, ಮೊದಲೇ ಹೇಳಿ, ತೇದಿ ಹೆಸರು ಬರೆದುಕೊಂಡು ಹೋಗಿ.

ಮುಸ್ಲಿಂ ಕುಟುಂಬಗಳಿಗೆ?

ಕಾಜಿಯವರ ನಿಕಾಹ್ ಪುಸ್ತಕದಿಂದ ಶುರು ಮಾಡಿ. ಉರ್ದು ಓದುವವರು ಜೊತೆಗಿರಲಿ. ಹಿಜರಿ ವರ್ಷಕ್ಕೆ ಸುಮಾರು 354 ದಿನ, ಆದ್ದರಿಂದ ಒಂದೇ ಅಂಕಿ ಕೂಡಿಸಿ ಇಸವಿ ತೆಗೆಯಲು ಬರಲ್ಲ, ಕೋಷ್ಟಕ ಬೇಕು.

ಹೆಳವರು ಹೇಳುವ ವಂಶಾವಳಿಯನ್ನು ನಂಬಬಹುದಾ?

ನಂಬಿ, ಆದರೆ ಹೊಂದಿಸಿ ನೋಡಿ. ತಲೆಮಾರುಗಳಿಂದ ಮನೆಮನೆಗೆ ಬಂದು ವಂಶ ಹೇಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವವರು ಅವರು. ಊರಿಂದ ಊರಿಗೆ ಯಾವಾಗ ಬಂದಿರಿ, ಮೂಲ ಯಾವುದು ಅನ್ನೋದನ್ನು ಯಾವ ಕಚೇರಿಯೂ ಅವರಷ್ಟು ಚೆನ್ನಾಗಿ ಇಟ್ಟಿಲ್ಲ. ಗಂಡುಮಕ್ಕಳ ಸಾಲು ಸಾಮಾನ್ಯವಾಗಿ ಗಟ್ಟಿ, ವರ್ಷಗಳು ಅಷ್ಟು ಗಟ್ಟಿಯಲ್ಲ. ಮುಂದಿನ ಸಲ ಅವರು ಬಂದಾಗ ಕೂರಿಸಿ, ಊಟ ಹಾಕಿ, ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಅವರ ಮಕ್ಕಳೂ ಈ ಕಸುಬು ಬಿಡುತ್ತಿದ್ದಾರೆ. ಇದಕ್ಕೆ ತಡ ಮಾಡಬೇಡಿ.

ಮದಕರಿ ನಾಯಕರ ಕಾಲದಿಂದ ಇಲ್ಲೇ ಇದ್ದೀವಿ ಅಂತಾರೆ. ಕಾಗದ ಸಿಗುತ್ತಾ?

ಸಾಮಾನ್ಯ ಮನೆಗೆ ಸಿಗುವುದು ಬಹಳ ಕಷ್ಟ. 1779ರಲ್ಲಿ ದುರ್ಗ ಹೈದರನ ಕೈಸೇರಿದ ಮೇಲೆ 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು ಅಂತ ಹಳೇ ಗೆಜೆಟಿಯರ್ ಹೇಳುತ್ತೆ. ಜನರನ್ನೇ ಕಿತ್ತು ಒಯ್ದಾಗ ಕಾಗದ ಎಲ್ಲಿ ಉಳಿಯಬೇಕು? ಇನಾಂ ಭೂಮಿ, ಪಟೇಲಿಕೆ, ಶಾನುಭೋಗಿಕೆ, ಪೂಜಾರಿಕೆ ಇದ್ದ ಮನೆಗಳಿಗೆ ಮಾತ್ರ ಸ್ವಲ್ಪ ಆಸೆ ಇದೆ. ಇನಾಂ ವಿಚಾರಣೆ ನಡೆದಾಗ ಅವರು ತಮ್ಮ ವಂಶ ಹೇಳಿ ಹಕ್ಕು ತೋರಿಸಬೇಕಿತ್ತು. ಉಳಿದವರು 1860ರ ಈಚೆಯದನ್ನು ಗಟ್ಟಿ ಮಾಡಿಕೊಳ್ಳಿ. ಅದರಾಚೆಯದನ್ನು ‘ಮನೆಯಲ್ಲಿ ಹೇಳುವ ಮಾತು’ ಅಂತ ಬೇರೆಯಾಗಿ ಬರೆದಿಡಿ. ಹಾಗೆ ಬರೆದರೆ ಅದರ ಬೆಲೆ ಕಡಿಮೆಯಾಗಲ್ಲ.

ಕಾಗದ ಕೇಳಿದರೆ ಪಾಲು ಕೇಳೋಕೆ ಬಂದಿದ್ದೀಯಾ ಅಂತಾರೆ ದೊಡ್ಡಪ್ಪ. ಏನು ಮಾಡಲಿ?

ಅವರ ಭಯ ನಿಜವಾದದ್ದು. ಎಷ್ಟೋ ಮನೆಗಳು ಇಂಥ ಕಾಗದದಿಂದಲೇ ಕೋರ್ಟ್ ಮೆಟ್ಟಿಲು ಹತ್ತಿವೆ. ಮೂಲಪತ್ರ ಕೇಳಲೇಬೇಡಿ. ಅವರ ಮನೆಯಲ್ಲೇ, ಅವರ ಎದುರಿಗೇ ಕೂತು ಓದಿ. ಸರ್ವೆ ನಂಬರ್ ಬೇಡ, ಹೆಸರು ಮಾತ್ರ ಬರೆದುಕೊಳ್ತೀನಿ ಅನ್ನಿ, ಹಾಗೇ ನಡೆದುಕೊಳ್ಳಿ. ಓದಿ ಹೇಳುವಾಗ ಅವರ ಅಜ್ಜನ ಹೆಸರು ಬಂದರೆ ಗಟ್ಟಿಯಾಗಿ ಓದಿ. ಅಲ್ಲಿಂದ ಮುಂದಕ್ಕೆ ಅವರೇ ಮಾತಾಡೋಕೆ ಶುರು ಮಾಡುತ್ತಾರೆ. ದತ್ತು, ಎರಡನೇ ಮದುವೆ, ಮನೆಬಿಟ್ಟು ಹೋದವರು ಇಂಥ ಸಂಗತಿ ಕಂಡರೆ ಬದುಕಿರುವವರ ಒಪ್ಪಿಗೆ ಇಲ್ಲದೆ ಹೊರಗೆ ಹೇಳಬೇಡಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

ಓದಿದ್ದನ್ನು ಹೇಗೆ ಇಟ್ಟುಕೊಳ್ಳೋದು?

ಪ್ರತಿ ಪತ್ರಕ್ಕೂ ಒಂದು ಹಾಳೆ. ಮೇಲೆ ಪತ್ರದ ತೇದಿ, ಅದು ಯಾರ ಮನೆಯಲ್ಲಿದೆ, ನೀವು ಓದಿದ ದಿನ. ಕೆಳಗೆ ಇದ್ದದ್ದು ಇದ್ದ ಹಾಗೆ. ನಿಮ್ಮ ಊಹೆಯನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಫೋಟೋಗಳು ಫೋನಿನಲ್ಲಿ ಮಾತ್ರ ಇದ್ದರೆ ಸಾಲದು, ಇನ್ನೊಂದು ಊರಿನಲ್ಲಿರುವ ತಂಗಿಗೋ ಸೋದರಳಿಯನಿಗೋ ಒಂದು ಪ್ರತಿ ಕೊಡಿ. ಮೂಲ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುರುಕಬೇಡಿ, ಮಳೆಗಾಲದ ಥಂಡಿ ಒಳಗೇ ಉಳಿಯುತ್ತೆ. ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಗೆದ್ದಲು ಬಂದಿದೆಯಾ ಅಂತ ಪ್ರತಿ ಯುಗಾದಿಗೂ ಒಮ್ಮೆ ತೆಗೆದು ನೋಡಿ.